ತೇವದ ಗಾಳಿ ಮತ್ತು ಲೋಹಗಳ ಕ್ಷಯ: ಒಂದು ವಿವೇಚನೆ

ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ತಾಮ್ರ ಹಿತ್ತಾಳೆಗಳಿಗೆ ಹತ್ತುವುದು ಕಿಲುಬು. ಕನ್ನಡದ ಆಡುಮಾತು ಇವೆರಡನ್ನೂ ಬೇರೆಬೇರೆಯಾಗಿಯೇ ಗುರುತಿಸಿದೆ. ಕುಲುಮೆಯಲ್ಲಿ ಕಬ್ಬಿಣದಿಂದ ಬೇರ್ಪಡುವ ಮಲಕ್ಕೆ ಕಿಟ್ಟವೆಂದು ಹೆಸರು. ಆಯುರ್ವೇದ ವೈದ್ಯರು ಬಹುಕಾಲದ ಲೋಹಕಿಟ್ಟವನ್ನು ಮಂಡೂರವೆಂದು ಕರೆದು, ಶೋಧಿಸಿ, ಪಾಂಡುರೋಗಕ್ಕೆ ಔಷಧವಾಗಿ ಬಳಸುತ್ತ ಬಂದಿದ್ದಾರೆ. ಹೀಗೆ ಲೋಹದ ವಿಕಾರಗಳನ್ನು ಹೆಸರಿಟ್ಟು ಬಲ್ಲ ಜನ, ಅವುಗಳ ಕಾರಣವನ್ನು ಮಾತ್ರ ಲೋಹದ ಸ್ವಭಾವವೆಂದೋ ಮಳೆಗಾಲದ ಗುಣವೆಂದೋ ಹೇಳಿ ಸುಮ್ಮನಾಗುವುದು ರೂಢಿ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಒಂದೇ ಕುಲುಮೆಯಲ್ಲಿ, ಒಂದೇ ದಿನ, ಒಬ್ಬನೇ ಕಮ್ಮಾರನು ಬಡಿದ ಎರಡು ಕುಡುಗೋಲುಗಳಿವೆಯೆನ್ನೋಣ. ವಿಜಯಪುರದ ಮನೆಯ ಗೋಡೆಗೆ ತೂಗಿದ ಕುಡುಗೋಲು ಬೇಸಗೆಯುದ್ದಕ್ಕೂ ಹೊಳಪು ಕಳೆದುಕೊಳ್ಳದು. ಕುಂದಾಪುರದ ಮನೆಯ ಗೋಡೆಯ ಮೇಲಿನದು ಮಳೆಗಾಲದಲ್ಲಿ ಕೆಲವೇ ದಿನಗಳಲ್ಲಿ ಕೆಂಪಾಗುತ್ತದೆ. ಎರಡರ ಮೇಲೂ ಒಂದು ಹನಿ ಮಳೆ ಬಿದ್ದಿಲ್ಲ. ಇದಕ್ಕೆ ‘ತೇವ’ವೇ ಕಾರಣವೆಂದರೆ ಅರ್ಧ ಮಾತ್ರ ಹೇಳಿದಂತೆ. ಗಾಳಿಯ ತೇವವು ಒಂದು ಮೇರೆಯನ್ನು ದಾಟಬೇಕು. ದಾಟಿದ ಮೇಲೂ ಧೂಳು, ಲವಣ, ಹೊಗೆ ಮೊದಲಾದ ಕಲ್ಮಷಗಳು ಲೋಹದ ಮೇಲೆ ಕುಳಿತಿರಬೇಕು. ಆಗಲೇ ಕ್ಷಯವು ವೇಗವಾಗಿ ಸಾಗುತ್ತದೆ. ಈ ಸಂಗತಿಯು ಶ್ರುತಪಟ್ಟದ್ದು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ. ಅದು ಹೇಗೆ ತಿಳಿದುಬಂದಿತು, ಅದರಿಂದ ಆಗುವ ಪ್ರಯೋಜನವೇನು ಎಂಬುದೇ ಇಲ್ಲಿ ವಿವೇಚಿತವಾದ ವಿಷಯ.

ತುಕ್ಕೆಂದರೇನು?

ಕಬ್ಬಿಣವು ಭೂಮಿಯಲ್ಲಿ ಶುದ್ಧರೂಪದಲ್ಲಿ ದೊರೆಯುವುದು ಅತಿ ವಿರಳ. ಅದಿರಿನಲ್ಲಿ ಅದು ಆಮ್ಲಜನಕದೊಡನೆ ಬೆಸೆದುಕೊಂಡಿರುತ್ತದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರನ್ನು ಒದಗಿಸಿದ ಬೆಟ್ಟದ ಹೆಸರು ಕೆಮ್ಮಣ್ಣುಗುಂಡಿ. ಆ ಹೆಸರಿನೊಳಗಿನ ‘ಕೆಮ್ಮಣ್ಣು’ ಮತ್ತು ತುಕ್ಕಿನ ಕೆಂಪು ಒಂದೇ ಕುಲಕ್ಕೆ ಸೇರಿದವು. ಎರಡೂ ಕಬ್ಬಿಣ ಮತ್ತು ಆಮ್ಲಜನಕಗಳ ಸಂಯುಕ್ತಗಳೇ. ಇದ್ದಿಲನ್ನೂ ಶಾಖವನ್ನೂ ವ್ಯಯಿಸಿ ಮನುಷ್ಯನು ಅದಿರಿನಿಂದ ಆಮ್ಲಜನಕವನ್ನು ಬಲವಂತವಾಗಿ ಬಿಡಿಸುತ್ತಾನೆ. ಹೀಗೆ ಬಿಡಿಸಿದ ಲೋಹವು ಅವಕಾಶ ದೊರೆತೊಡನೆ ತನ್ನ ಹಿಂದಿನ ಸ್ಥಿತಿಗೆ ಮರಳಲು ತೊಡಗುತ್ತದೆ. ಆ ಮರಳುವಿಕೆಯೇ ತುಕ್ಕು. ಶಾಸ್ತ್ರದ ಪರಿಭಾಷೆಯಲ್ಲಿ ಇದಕ್ಕೆ ಸಂಕ್ಷಾರಣವೆಂದು ಹೆಸರು.

ಅವಕಾಶ ಯಾವುದೆಂಬುದನ್ನು ಪ್ರೌಢಶಾಲೆಯ ಒಂದು ಸರಳ ಪ್ರಯೋಗವೇ ತೋರಿಸಿಕೊಡುತ್ತದೆ. ಮೂರು ಪ್ರನಾಳಗಳಲ್ಲಿ ಒಂದೊಂದು ಮೊಳೆಯನ್ನು ಇಡುತ್ತಾರೆ. ಮೊದಲನೆಯದರಲ್ಲಿ ಸಾಮಾನ್ಯ ನೀರು; ಎರಡನೆಯದರಲ್ಲಿ ಕುದಿಸಿ ಗಾಳಿಯನ್ನು ಹೊರಗಟ್ಟಿದ ನೀರು, ಅದರ ಮೇಲೆ ಎಣ್ಣೆಯ ಪದರ; ಮೂರನೆಯದರಲ್ಲಿ ನೀರನ್ನು ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಇರುವ ಒಣಗಾಳಿ. ತುಕ್ಕು ಹಿಡಿಯುವುದು ಮೊದಲನೆಯ ಮೊಳೆಗೆ ಮಾತ್ರ. ಆದಕಾರಣ ನೀರೂ ಆಮ್ಲಜನಕವೂ ಕೂಡಿಯೇ ಕೆಲಸ ಮಾಡಬೇಕು; ಒಂದರಿಂದಲೇ ಆಗದು. ಒಣಗಾಳಿಯಲ್ಲಿಯೂ ಕಬ್ಬಿಣದ ಮೇಲೆ ಆಕ್ಸೈಡಿನ ಪೊರೆ ಮೂಡುವುದುಂಟು. ಆದರೆ ಅದು ಮಿಲಿಮೀಟರಿನ ಲಕ್ಷಾಂಶಗಳಲ್ಲಿ ಅಳೆಯಬೇಕಾದಷ್ಟು ತೆಳು, ಕಣ್ಣಿಗೆ ಕಾಣದು. ಮೂಡಿದ ಮೇಲೆ ಮುಂದಿನ ಬೆಳವಣಿಗೆಯನ್ನು ತಾನೇ ತಡೆಯುತ್ತದೆ.

ಕಣ್ಣಿಗೆ ಕಾಣದ ನೀರು

ಕುಂದಾಪುರದ ಕುಡುಗೋಲು ನೀರಿನಲ್ಲಿ ಮುಳುಗಿರಲಿಲ್ಲ, ಮಳೆಯಲ್ಲಿಯೂ ನೆನೆಯಲಿಲ್ಲ. ಹಾಗಿದ್ದರೆ ಅದಕ್ಕೆ ನೀರು ಎಲ್ಲಿಂದ ಬಂದಿತು? ಉತ್ತರವಿರುವುದು ಗಾಳಿಯಲ್ಲಿ. ಒಂದು ಘನಮೀಟರ್ ಗಾಳಿಯು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 30 ಗ್ರಾಂ ನೀರಾವಿಯನ್ನು ಧರಿಸಬಲ್ಲುದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಧರಿಸಬಲ್ಲ ಪ್ರಮಾಣದಲ್ಲಿ ನೂರಕ್ಕೆ ಎಷ್ಟು ಪಾಲು ಆವಿ ವಾಸ್ತವವಾಗಿ ಇದೆಯೋ ಅದೇ ಸಾಪೇಕ್ಷ ಆರ್ದ್ರತೆ. ಹಗಲು 30 ಡಿಗ್ರಿಯಲ್ಲಿ 17 ಗ್ರಾಂ ಆವಿಯಿದ್ದ ಕೊಠಡಿಯ ಆರ್ದ್ರತೆ ನೂರಕ್ಕೆ 57ರಷ್ಟು. ಇರುಳಿನಲ್ಲಿ ಅದೇ ಗಾಳಿ 20 ಡಿಗ್ರಿಗೆ ತಣಿದರೆ, ಹೊರಗಿನಿಂದ ತೊಟ್ಟು ನೀರೂ ಬಾರದೆ, ಆರ್ದ್ರತೆ ನೂರನ್ನು ಮುಟ್ಟುತ್ತದೆ. ಬೀಗ ಹಾಕಿದ ಕೊಠಡಿಯಲ್ಲಿನ ಉಪಕರಣಗಳಿಗೂ ತುಕ್ಕು ಹಿಡಿಯುವ ರಹಸ್ಯಗಳಲ್ಲಿ ಇದೊಂದು.

ಆರ್ದ್ರತೆ ಹೆಚ್ಚಿದಂತೆ ನೀರಿನ ಅಣುಗಳು ಲೋಹದ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಮೊದಲು ಒಂದು ಪದರ, ಅದರ ಮೇಲೆ ಇನ್ನೊಂದು. ಹೀಗೆ ಕೆಲವು ಪದರಗಳಾದ ಮೇಲೆ ಅದು ನೀರಿನಂತೆಯೇ ವರ್ತಿಸತೊಡಗುತ್ತದೆ. ಕೈಯಿಂದ ಮುಟ್ಟಿದರೆ ಒದ್ದೆಯೆನಿಸದು, ಕಣ್ಣಿಗೂ ಕಾಣದು. ಆದರೂ ಅಯಾನುಗಳು ಸಂಚರಿಸುವುದಕ್ಕೆ, ಎಂದರೆ ಅತಿ ಕಿರಿದಾದ ವಿದ್ಯುತ್ಕೋಶವೊಂದು ಕೆಲಸ ಮಾಡುವುದಕ್ಕೆ, ಅಷ್ಟು ನೀರು ಸಾಕು.

ಇವಾನ್ಸರ ಹನಿ

ತುಕ್ಕು ವಿದ್ಯುತ್ಕ್ರಿಯೆಯೆಂಬುದನ್ನು ಕಣ್ಣಿಗೆ ಕಾಣುವಂತೆ ಮಾಡಿದವರಲ್ಲಿ ಕೇಂಬ್ರಿಡ್ಜಿನ ಯು. ಆರ್. ಇವಾನ್ಸರು ಅಗ್ರಗಣ್ಯರು. 1920ರ ದಶಕದಲ್ಲಿ ಅವರು ಪ್ರಸಿದ್ಧಿಗೆ ತಂದ ಪ್ರಯೋಗ ಅತ್ಯಂತ ಸರಳವಾದದ್ದು. ಯಾವ ಶಾಲೆಯಲ್ಲಾದರೂ ಮಾಡಿ ತೋರಿಸಬಹುದು. ಚೆನ್ನಾಗಿ ಉಜ್ಜಿದ ಕಬ್ಬಿಣದ ತಗಡಿನ ಮೇಲೆ ತೆಳುವಾದ ಉಪ್ಪುನೀರಿನ ಒಂದು ಹನಿಯನ್ನು ಇಡಬೇಕು. ಆ ನೀರಿಗೆ ಮೊದಲೇ ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು ಫೀನಾಲ್ಫ್ತಲೀನ್ ಎಂಬ ಎರಡು ಸೂಚಕಗಳನ್ನು ತುಸು ಬೆರೆಸಿರಬೇಕು. ಕಬ್ಬಿಣ ಕರಗಿದಲ್ಲಿ ಮೊದಲನೆಯದರಿಂದ ನೀಲಿ, ಕ್ಷಾರ ಹುಟ್ಟಿದಲ್ಲಿ ಎರಡನೆಯದರಿಂದ ಗುಲಾಬಿ ಬಣ್ಣ ತೋರುತ್ತದೆ.

ಆರಂಭದಲ್ಲಿ ನೀಲಿ ಗುಲಾಬಿಗಳ ಚುಕ್ಕೆಗಳು ಅಲ್ಲಲ್ಲಿ ಚದರಿ ಕಾಣುತ್ತವೆ. ಸ್ವಲ್ಪ ಹೊತ್ತಿಗೆ ಹನಿಯ ನಡುವೆ ನೀಲಿ, ಅಂಚಿನ ಸುತ್ತ ಗುಲಾಬಿ, ಎರಡರ ಮಧ್ಯೆ ತುಕ್ಕಿನ ಬಳೆ ಸ್ಪಷ್ಟವಾಗಿ ಏರ್ಪಡುತ್ತವೆ. ಇದರ ಕಾರಣ ಹೀಗಿದೆ. ಹನಿಯ ಅಂಚಿನಲ್ಲಿ ನೀರು ತೆಳುವಾದುದರಿಂದ ಗಾಳಿಯ ಆಮ್ಲಜನಕ ಸುಲಭವಾಗಿ ಲೋಹವನ್ನು ತಲಪುತ್ತದೆ. ನಡುವೆ ನೀರು ದಪ್ಪವಾದುದರಿಂದ ಅಲ್ಲಿಗೆ ಆಮ್ಲಜನಕದ ಕೊರತೆ. ಆಮ್ಲಜನಕ ಕಡಿಮೆಯಿರುವ ನಡುಭಾಗವು ಆನೋಡ್ ಆಗಿ, ಕಬ್ಬಿಣವು ಅಯಾನುಗಳಾಗಿ ನೀರಿಗೆ ಇಳಿಯುತ್ತದೆ. ಅಲ್ಲಿ ಬಿಡುಗಡೆಯಾದ ಇಲೆಕ್ಟ್ರಾನುಗಳು ಲೋಹದ ಮೂಲಕ ಅಂಚಿಗೆ ಹರಿದು, ಕ್ಯಾಥೋಡ್ ಆದ ಆ ಜಾಗದಲ್ಲಿ ಆಮ್ಲಜನಕ ಮತ್ತು ನೀರಿನೊಡನೆ ಸೇರಿ ಕ್ಷಾರವನ್ನು ಹುಟ್ಟಿಸುತ್ತವೆ. ನಡುವಿನಿಂದ ಬಂದ ಕಬ್ಬಿಣವೂ ಅಂಚಿನಿಂದ ಬಂದ ಕ್ಷಾರವೂ ಸಂಧಿಸುವ ಸ್ಥಳದಲ್ಲಿ, ಇನ್ನಷ್ಟು ಆಮ್ಲಜನಕ ಸೇರಿ, ತುಕ್ಕು ಒತ್ತುತ್ತದೆ.

ಇಲ್ಲಿ ಮನನ ಮಾಡಬೇಕಾದ ಅಂಶವೊಂದುಂಟು. ತುಕ್ಕು ಕಾಣಿಸುವ ಸ್ಥಳವೇ ಬೇರೆ, ಲೋಹ ನಷ್ಟವಾಗುವ ಸ್ಥಳವೇ ಬೇರೆ. ಆಮ್ಲಜನಕವು ಹೆಚ್ಚಾಗಿ ತಗಲುವಲ್ಲಿ ಅಲ್ಲ, ಅದು ತಲಪದ ಮರೆಯಲ್ಲಿ ಲೋಹ ಕರಗುತ್ತದೆ. ಮೊಳೆಯ ತಲೆಯ ಕೆಳಗೆ, ಎರಡು ತಗಡುಗಳ ಸಂದಿನಲ್ಲಿ, ಧೂಳಿನ ಕಣದ ಅಡಿಯಲ್ಲಿ ಲೋಹವು ಮೊದಲು ತೂತು ಬೀಳುವುದು ಇದೇ ಕಾರಣದಿಂದ.

ವೆರ್ನನ್ನರ ಮಸ್ಲಿನ್ ಪಂಜರ

ಇವಾನ್ಸರು ಹನಿಯನ್ನು ಪರೀಕ್ಷಿಸುತ್ತಿದ್ದ ಕಾಲದಲ್ಲಿಯೇ ಇಂಗ್ಲೆಂಡಿನ ಮತ್ತೊಬ್ಬ ವಿಜ್ಞಾನಿ ಡಬ್ಲ್ಯು. ಎಚ್. ಜೆ. ವೆರ್ನನ್ನರು ಗಾಳಿಯನ್ನೇ ಪರೀಕ್ಷೆಗೆ ತೆಗೆದುಕೊಂಡರು. ಅವರು ನಡೆಸಿದ ಪ್ರಯೋಗಗಳಲ್ಲಿ ಒಂದು ಚಿರಸ್ಮರಣೀಯವಾದದ್ದು. ಉಜ್ಜಿ ಹೊಳಪಿಸಿದ ಕಬ್ಬಿಣದ ತುಂಡುಗಳನ್ನು ಒಂದೇ ಕೊಠಡಿಯಲ್ಲಿ ಎರಡು ರೀತಿ ಇಟ್ಟರು. ಕೆಲವನ್ನು ತೆರೆದ ಗಾಳಿಗೆ ಬಿಟ್ಟರು. ಉಳಿದವನ್ನು ತೆಳ್ಳನೆಯ ಮಸ್ಲಿನ್ ಬಟ್ಟೆಯಿಂದ ಮಾಡಿದ ಪಂಜರದೊಳಗೆ ತೂಗಿದರು. ತೆರೆದಿಟ್ಟ ತುಂಡುಗಳು ತುಕ್ಕು ಹಿಡಿದವು. ಪಂಜರದೊಳಗಿನವು ತಿಂಗಳುಗಳು ಕಳೆದರೂ ತುಕ್ಕಿಲ್ಲದೆ ಉಳಿದವು.

ಮಸ್ಲಿನ್ ಬಟ್ಟೆ ಗಾಳಿಯನ್ನು ತಡೆಯದು, ನೀರಾವಿಯನ್ನೂ ತಡೆಯದು. ಒಳಗಿನ ಆರ್ದ್ರತೆಯೂ ಹೊರಗಿನದೂ ಒಂದೇ. ಅದು ತಡೆದದ್ದು ಧೂಳಿನ ಕಣಗಳನ್ನು ಮಾತ್ರ. ಇದರಿಂದ ತೇವದ ಗಾಳಿಯೊಂದೇ ಕಬ್ಬಿಣದ ಶತ್ರುವಲ್ಲ, ಅದರೊಡನೆ ತೇಲಿಬಂದು ಲೋಹದ ಮೇಲೆ ಕುಳಿತುಕೊಳ್ಳುವ ಕಣಗಳೂ ಶತ್ರುಗಳೆಂಬುದು ನಿಸ್ಸಂಶಯವಾಗಿ ಸಿದ್ಧವಾಯಿತು.

ಮುಂದಿನ ಪ್ರಯೋಗಗಳಲ್ಲಿ ವೆರ್ನನ್ನರು ಗಾಳಿಯ ಆರ್ದ್ರತೆಯನ್ನು ಹಂತಹಂತವಾಗಿ ಏರಿಸುತ್ತ ಹೋದರು. ಶುದ್ಧವಾದ ಗಾಳಿಯಲ್ಲಿ ಆರ್ದ್ರತೆ ನೂರರ ಸಮೀಪಕ್ಕೆ ಬಂದರೂ ತುಕ್ಕು ಅತ್ಯಲ್ಪ. ಅದೇ ಗಾಳಿಗೆ ಗಂಧಕದ ಡೈ ಆಕ್ಸೈಡನ್ನು ನೂರಕ್ಕೆ 0.01ರಷ್ಟು ಮಾತ್ರ ಬೆರೆಸಿದಾಗ ಬೇರೆಯೇ ಚಿತ್ರ ಕಂಡಿತು. ಆರ್ದ್ರತೆ ಸುಮಾರು 60ರವರೆಗೂ ಹೆಚ್ಚೇನೂ ಆಗದು; ಅಲ್ಲಿಂದಾಚೆಗೆ ತುಕ್ಕಿನ ವೇಗ ಒಮ್ಮೆಗೇ ಏರುತ್ತದೆ. ಅನಿಲದ ಜೊತೆಗೆ ಇದ್ದಿಲಿನ ಪುಡಿಯೂ ಸೇರಿದರೆ ವೇಗ ಇನ್ನೂ ಹೆಚ್ಚು. ಈ ಮೇರೆಗೆ ನಿರ್ಣಾಯಕ ಆರ್ದ್ರತೆ ಎಂದು ಹೆಸರಾಯಿತು. ಕಲ್ಲಿದ್ದಲಿನ ಹೊಗೆಯಲ್ಲಿ ಗಂಧಕದ ಡೈ ಆಕ್ಸೈಡೂ ಇದ್ದಿಲಿನ ಕಣವೂ ಕೂಡಿಯೇ ಬರುತ್ತವೆ. ಅಂದಿನ ಇಂಗ್ಲೆಂಡಿನ ಕೈಗಾರಿಕಾ ನಗರಗಳಲ್ಲಿ ಉಕ್ಕು ಹಳ್ಳಿಗಳಲ್ಲಿಗಿಂತ ಬೇಗನೆ ಹಾಳಾಗುತ್ತಿದ್ದುದಕ್ಕೆ ಇದರಿಂದ ಸಮಾಧಾನ ದೊರಕಿತು.

ಲವಣಗಳ ಪಾತ್ರ

ಮೇರೆಯೊಂದು ಇರುವುದಾದರೂ ಏಕೆ? ಇದರ ಉತ್ತರಕ್ಕೆ ಅಡಿಗೆಮನೆಗೆ ಹೋದರೆ ಸಾಕು. ಬೇಸಗೆಯಲ್ಲಿ ಪುಡಿಪುಡಿಯಾಗಿರುವ ಉಪ್ಪು ಮಳೆಗಾಲದಲ್ಲಿ ಭರಣಿಯೊಳಗೇ ನೀರೊಡೆಯುವುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಸಾಪೇಕ್ಷ ಆರ್ದ್ರತೆ ಸುಮಾರು 75ನ್ನು ದಾಟಿದಾಗ ಶುದ್ಧವಾದ ಉಪ್ಪು ಗಾಳಿಯ ಆವಿಯನ್ನು ಹೀರಿ ತಾನೇ ದ್ರಾವಣವಾಗುತ್ತದೆ. ಕಡಲಿನ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಸುಮಾರು 33 ಸಾಕು. ಲೋಹದ ಮೇಲೆ ಕುಳಿತ ಇಂಥ ಕಣವೊಂದು, ಮಳೆಯೂ ಇಬ್ಬನಿಯೂ ಇಲ್ಲದೆಯೇ, ಇವಾನ್ಸರ ಹನಿಯ ಕಿರಿಯ ಪ್ರತಿಕೃತಿಯೊಂದನ್ನು ನಿರ್ಮಿಸಿಬಿಡುತ್ತದೆ. ನೀರು ಗಾಳಿಯದು, ಉಪ್ಪು ಕಡಲಿನದು, ಕಬ್ಬಿಣ ಮನೆಯದು. ಮೂರೂ ಕೂಡಿದೊಡನೆ ಕೋಶ ಸಿದ್ಧ.

ಒಮ್ಮೆ ಮೂಡಿದ ತುಕ್ಕು ಮುಂದಿನ ತುಕ್ಕಿಗೆ ತಾನೇ ನೆರವಾಗುತ್ತದೆ. ಅದರ ಮೈಯೆಲ್ಲ ಸೂಕ್ಷ್ಮರಂಧ್ರಗಳಿಂದ ಕೂಡಿದ್ದು, ಅವು ಆವಿಯನ್ನು ಹಿಡಿದಿಡುತ್ತವೆ. ಕ್ಲೋರೈಡ್, ಸಲ್ಫೇಟ್ ಲವಣಗಳು ಅದರೊಳಗೆ ಅಡಗಿ ಮತ್ತೆ ಮತ್ತೆ ಕೆಲಸಕ್ಕೆ ಬರುತ್ತವೆ. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಅದು ಬಾಳದಿರುವುದು ಈ ಕಾರಣದಿಂದ.

ಕುಡುಗೋಲುಗಳ ಪ್ರಶ್ನೆಗೆ ಈಗ ಪೂರ್ಣ ಉತ್ತರ ದೊರೆಯಿತು. ಕರಾವಳಿಯಲ್ಲಿ ಮಳೆಗಾಲದ ಆರ್ದ್ರತೆ ಸಾಮಾನ್ಯವಾಗಿ 80ಕ್ಕಿಂತ ಮೇಲೆ; ಗಾಳಿಯಲ್ಲಿ ಕಡಲಿನ ಉಪ್ಪು. ವಿಜಯಪುರದ ಬೇಸಗೆಯ ಗಾಳಿ ಮೇರೆಯ ಬಹು ಕೆಳಗೆ ಉಳಿಯುತ್ತದೆ. ಅಲ್ಲಿ ಧೂಳಿದ್ದರೂ ಅದಕ್ಕೆ ನೀರಿನ ನೆರವಿಲ್ಲ.

ಅಳತೆಯ ಕ್ರಮಗಳು

ಲೋಹಕ್ಷಯವನ್ನು ಅಳೆಯುವ ಹಳೆಯ ವಿಧಾನವೇ ಇಂದಿಗೂ ಪ್ರಮಾಣ. ತೂಕ ಮಾಡಿದ ತಗಡುಗಳನ್ನು ಓರೆಯಾದ ಚೌಕಟ್ಟುಗಳ ಮೇಲೆ ಬಯಲಿನಲ್ಲಿ ಬಿಗಿದು, ನಿಯತಕಾಲದ ತರುವಾಯ ತುಕ್ಕನ್ನು ರಾಸಾಯನಿಕವಾಗಿ ಕಳೆದು, ಮತ್ತೆ ತೂಗುತ್ತಾರೆ. ಅಮೆರಿಕದಲ್ಲಿ ಇಂಥ ವ್ಯವಸ್ಥಿತ ಪರೀಕ್ಷೆಗಳು 1916ರಲ್ಲಿ ಆರಂಭವಾದವು. ಭಾರತದಲ್ಲಿ ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರೀಯ ವಿದ್ಯುದ್ರಸಾಯನ ಸಂಶೋಧನಾಲಯವು ದೇಶದ ಅನೇಕ ಸ್ಥಳಗಳಲ್ಲಿ ತಗಡುಗಳನ್ನು ಗಾಳಿಗೊಡ್ಡಿ, ಲೋಹಕ್ಷಯದ ಭೂಪಟವನ್ನು ಸಿದ್ಧಪಡಿಸಿದೆ.

ಲೆಕ್ಕದ ಕ್ರಮಕ್ಕೆ ಒಂದು ಉದಾಹರಣೆ ಸಾಕು. 10 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದದ ಉಕ್ಕಿನ ತಗಡಿನ ಎರಡು ಮುಖಗಳ ವಿಸ್ತೀರ್ಣ 300 ಚದರ ಸೆಂಟಿಮೀಟರ್. ವರ್ಷದ ಕೊನೆಗೆ ಅದು 9.4 ಗ್ರಾಂ ಕಳೆದುಕೊಂಡಿದ್ದರೆ, ಉಕ್ಕಿನ ಸಾಂದ್ರತೆ 7.86 ಆದುದರಿಂದ, ನಷ್ಟವಾದ ಗಾತ್ರ ಸುಮಾರು 1.2 ಘನ ಸೆಂಟಿಮೀಟರ್. ದಪ್ಪದಲ್ಲಿ ಪ್ರತಿ ಮುಖಕ್ಕೂ ಸುಮಾರು 40 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಅಂತಾರಾಷ್ಟ್ರೀಯ ಮಾನಕದಲ್ಲಿ ಮೊದಲ ವರ್ಷದಲ್ಲಿ ಉಕ್ಕು 25ರಿಂದ 50 ಮೈಕ್ರಾನ್ ಸವೆಯುವ ಗಾಳಿ ಮಧ್ಯಮ ವರ್ಗದ್ದು. 80ರಿಂದ 200 ಸವೆಯುವುದು ಅತ್ಯುಗ್ರ. 2012ರ ಪರಿಷ್ಕರಣದಲ್ಲಿ ಅದಕ್ಕೂ ಮೀರಿದ ಮತ್ತೊಂದು ವರ್ಗವನ್ನು ಸೇರಿಸಲಾಗಿದೆ.

ತೂಕಮಾಡುವ ತಕ್ಕಡಿಯೂ ಕಾಲಾನುಕ್ರಮದಲ್ಲಿ ಸೂಕ್ಷ್ಮವಾಯಿತು. ಕಂಪಿಸುವ ಸ್ಫಟಿಕದ ಮೇಲೆ ಲೋಹದ ಪೊರೆಯಿಟ್ಟು, ಕಂಪನದ ವೇಗದಲ್ಲಾಗುವ ಬದಲಾವಣೆಯಿಂದ ಅಂಟಿದ ನೀರಿನ ತೂಕವನ್ನು ತಿಳಿಯುವ ಉಪಾಯಕ್ಕೆ 1959ರಲ್ಲಿ ಜರ್ಮನಿಯ ಸೌವರ್‌ಬ್ರೆ ಎಂಬುವರು ಅಡಿಪಾಯ ಹಾಕಿದರು. ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗದ ಆಸುಪಾಸಿನ ತೂಕವನ್ನು ಅದು ಗುರುತಿಸಬಲ್ಲುದು. ಕಣ್ಣಿಗೆ ಕಾಣದ ನೀರಿನ ಪದರವು ಈಗ ಊಹೆಯ ವಿಷಯವಾಗಿ ಉಳಿದಿಲ್ಲ.

ಇತರ ಲೋಹಗಳು

ಎಲ್ಲ ಲೋಹಗಳೂ ಕಬ್ಬಿಣದಂತೆ ಸವೆಯುವುದಿಲ್ಲ. ಅಲ್ಯೂಮಿನಿಯಮ್ಮಿನ ಮೇಲೆ ಮೂಡುವ ಆಕ್ಸೈಡ್ ಪೊರೆ ಬಿಗಿಯಾಗಿ ಅಂಟಿಕೊಂಡು ಕವಚದಂತೆ ಕಾಯುತ್ತದೆ. ಸತುವು ಗಾಳಿಯ ಇಂಗಾಲದ ಡೈ ಆಕ್ಸೈಡಿನೊಡನೆ ಸೇರಿ ಕಾರ್ಬೊನೇಟಿನ ರಕ್ಷಣೆಯನ್ನು ಪಡೆಯುತ್ತದೆ. ಕಬ್ಬಿಣದ ತಗಡಿಗೆ ಸತುವಿನ ಲೇಪ ಕೊಡುವುದು ಇದಕ್ಕಾಗಿ. ಲೇಪ ಗೀರಿದರೂ ಸತುವು ಮೊದಲು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿ ಅತ್ಯಲ್ಪವಾಗಿರುವ ಗಂಧಕದ ಸಂಯುಕ್ತಗಳಿಂದ. ತಾಮ್ರದ ಹಸಿರು ಪದರವು ನಗರಗಳಲ್ಲಿ ಬಹುಮಟ್ಟಿಗೆ ಸಲ್ಫೇಟಿನದು, ಕಡಲತಡಿಯಲ್ಲಿ ಕ್ಲೋರೈಡಿನದು. ಹಿತ್ತಾಳೆಯ ಪಾತ್ರೆಗೆ ಒಳಗಡೆ ತವರದ ಕಲಾಯಿ ಹಾಕಿಸುವುದೂ, ಹುಣಸೆಹಣ್ಣಿನಿಂದ ಉಜ್ಜಿ ಕಿಲುಬನ್ನು ಕರಗಿಸುವುದೂ ಪೂರ್ವಿಕರು ಅನುಭವದಿಂದ ಕಂಡುಕೊಂಡ ಉಪಾಯಗಳು.

ಎರಡು ಕಂಬಗಳು

ದೆಹಲಿಯ ಮೆಹ್ರೌಲಿಯ ಕಬ್ಬಿಣದ ಸ್ತಂಭವನ್ನು ಪ್ರಸ್ತಾಪಿಸದೆ ಈ ವಿಷಯ ಪೂರ್ಣವಾಗದು. ಏಳು ಮೀಟರಿಗಿಂತ ಉದ್ದವಾದ, ಆರು ಟನ್ನಿಗೂ ಮೀರಿದ ಈ ಸ್ತಂಭವು ಸುಮಾರು 1600 ವರ್ಷಗಳಿಂದ ಬಯಲಿನಲ್ಲಿದೆ. ಅದರ ಮೇಲಿನ ಶಾಸನದಲ್ಲಿರುವ ‘ಚಂದ್ರ’ನು ಎರಡನೆಯ ಚಂದ್ರಗುಪ್ತನೆಂಬುದು ಬಹುಜನ ವಿದ್ವಾಂಸರ ಮತ. ಅದು ತುಕ್ಕು ಹಿಡಿಯದಿರುವುದನ್ನು ಪವಾಡವೆಂದು ಕೊಂಡಾಡುವವರುಂಟು. ಶಾಸ್ತ್ರಜ್ಞರು ಎರಡು ಕಾರಣಗಳನ್ನು ಮುಂದಿಟ್ಟಿದ್ದಾರೆ. ಜೆ. ಸಿ. ಹಡ್ಸನ್ನರು ಸ್ತಂಭದ ಬಳಿಯಲ್ಲಿಯೇ ಸಾಮಾನ್ಯ ಉಕ್ಕು ಮತ್ತು ಸತುವಿನ ತುಂಡುಗಳನ್ನು ಇರಿಸಿ ಪರೀಕ್ಷಿಸಿ, ಆ ಗಾಳಿ ಲೋಹಕ್ಕೆ ಬಹಳ ಸೌಮ್ಯವೆಂಬುದನ್ನು 1953ರಲ್ಲಿ ಪ್ರಕಟಿಸಿದರು. ಕಾನ್ಪುರದ ಐ.ಐ.ಟಿ.ಯ ಆರ್. ಬಾಲಸುಬ್ರಮಣ್ಯಂ ಅವರು ಲೋಹದಲ್ಲಿ ನೂರಕ್ಕೆ ಸುಮಾರು 0.25ರಷ್ಟಿರುವ ರಂಜಕದಿಂದಾಗಿ ಮೇಲ್ಮೈಯಲ್ಲಿ ಫಾಸ್ಫೇಟಿನ ರಕ್ಷಾಪದರವೊಂದು ಏರ್ಪಟ್ಟಿದೆಯೆಂದು ತೋರಿಸಿದರು. ಪ್ರಾಚೀನ ಕುಲುಮೆಯ ಕ್ರಮದಲ್ಲಿ ರಂಜಕವು ಲೋಹದೊಳಗೇ ಉಳಿಯುತ್ತಿತ್ತು. ಇಂದಿನ ಉಕ್ಕಿನಲ್ಲಿ ಅದನ್ನು ಬಹುಮಟ್ಟಿಗೆ ತೆಗೆದುಹಾಕುತ್ತಾರೆ. ನೆಲದೊಳಗೆ ಹೂತ ಭಾಗವು ತುಕ್ಕಿನಿಂದ ಪಾರಾಗಿಲ್ಲವೆಂಬುದೂ ಗಮನಾರ್ಹ. ಕಂಬ ತುಕ್ಕಿಗೆ ಅತೀತವಲ್ಲ. ಒಳ್ಳೆಯ ಲೋಹ ಮತ್ತು ಒಣಗಾಳಿ ಎರಡೂ ಅದನ್ನು ಕಾಯ್ದಿವೆ.

ಕರ್ನಾಟಕದ ಕೊಡಚಾದ್ರಿಯ ಮೂಲಮೂಕಾಂಬಿಕಾ ದೇವಾಲಯದ ಮುಂದಿರುವ ಪುರಾತನ ಕಬ್ಬಿಣದ ಕಂಬವನ್ನೂ ಲೋಹಶಾಸ್ತ್ರಜ್ಞರು ಪರೀಕ್ಷಿಸಿದ್ದಾರೆ. ಪಶ್ಚಿಮಘಟ್ಟದ ಜಡಿಮಳೆಯನ್ನು ವರ್ಷವರ್ಷವೂ ಸಹಿಸಿ ನಿಂತ ಆ ಕಂಬವು, ಗಾಳಿ ಒಣದಾಗಿದ್ದರೆ ಮಾತ್ರ ಕಬ್ಬಿಣ ಉಳಿಯುತ್ತದೆಂಬ ಮಾತನ್ನು ಸಮಗ್ರ ಸತ್ಯವೆಂದು ಒಪ್ಪದಂತೆ ಎಚ್ಚರಿಸುತ್ತದೆ. ಗಾಳಿಯಷ್ಟೇ ಲೋಹದ ಗುಣವೂ ಮುಖ್ಯ.

ತಿಳಿವಳಿಕೆಯ ಬಳಕೆ

ಈ ವಿಷಯವನ್ನು ಕೇವಲ ಕುತೂಹಲವೆಂದು ತಳ್ಳಿಹಾಕುವಂತಿಲ್ಲ. 1928ರಲ್ಲಿ ಅಮೆರಿಕದ ಒಹಾಯೊ ನದಿಗೆ ಕಟ್ಟಿದ ಸಿಲ್ವರ್ ಬ್ರಿಜ್ ಎಂಬ ಸೇತುವೆ 1967ರ ಡಿಸೆಂಬರ್ 15ರಂದು ಕುಸಿದು 46 ಜನ ಮಡಿದರು. ತೂಗುಸರಪಳಿಯ ಒಂದು ಕೊಂಡಿಯ ಕಣ್ಣಿನೊಳಗೆ, ಹೊರಗಿನಿಂದ ನೋಡಲಾಗದ ಮರೆಯಲ್ಲಿ, ಒತ್ತಡವೂ ಸಂಕ್ಷಾರಣವೂ ಕೂಡಿ ಉಂಟುಮಾಡಿದ ಸಣ್ಣ ಬಿರುಕೇ ಅದರ ಮೂಲ. 2016ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನವೊಂದು, ಸಂಕ್ಷಾರಣದಿಂದ ಜಗತ್ತಿಗೆ ವರ್ಷಕ್ಕೆ ಆಗುವ ನಷ್ಟವನ್ನು ಸುಮಾರು 2.5 ಲಕ್ಷ ಕೋಟಿ ಡಾಲರುಗಳೆಂದು ಅಂದಾಜು ಮಾಡಿತು.

ಇಷ್ಟು ದೊಡ್ಡ ಲೆಕ್ಕವನ್ನು ಬಿಟ್ಟು ವಿದ್ಯಾಸಂಸ್ಥೆಯೊಂದರ ಚಿಕ್ಕ ಲೆಕ್ಕಕ್ಕೆ ಬರಬಹುದು. ದಾನಿಗಳು ಭಕ್ತಿಯಿಂದ ಕೊಟ್ಟ ತಕ್ಕಡಿ, ಸೂಕ್ಷ್ಮದರ್ಶಕ, ಕಬ್ಬಿಣದ ಕಪಾಟು, ಹೊಲಿಗೆಯ ಯಂತ್ರ ಮೊದಲಾದವು ಬಳಕೆಯಿಂದ ಸವೆಯುವುದಕ್ಕಿಂತ ಬೀಗದ ಕೋಣೆಯಲ್ಲಿ ಕೂತು ಹಾಳಾಗುವುದೇ ಹೆಚ್ಚು. ಮೇಲಿನ ವಿವೇಚನೆಯಿಂದ ಅವುಗಳ ರಕ್ಷಣೆಗೆ ಕೆಲವು ಸೂತ್ರಗಳು ತಾವಾಗಿಯೇ ಒದಗುತ್ತವೆ. ಮೊದಲನೆಯದು, ಧೂಳು ಒರಸುವುದು ಅಲಂಕಾರಕ್ಕಾಗಿ ಮಾಡುವ ಕೆಲಸವಲ್ಲ, ಲೋಹರಕ್ಷಣೆಯ ಕೆಲಸ. ತೆಳುಬಟ್ಟೆಯ ಹೊದಿಕೆಯೂ ನಿಷ್ಪ್ರಯೋಜಕವಲ್ಲ. ಎರಡನೆಯದು, ಬೆವರಿನಲ್ಲಿ ಉಪ್ಪಿರುವುದರಿಂದ ಉಜ್ಜಿದ ಉಕ್ಕನ್ನು ಬರಿಗೈಯಿಂದ ಮುಟ್ಟಿದರೆ ಒರಸಿ, ತುಸು ಎಣ್ಣೆ ಸವರಿ ಇಡಬೇಕು. ಮೂರನೆಯದು, ಹೈಡ್ರೋಕ್ಲೋರಿಕ್ ಆಮ್ಲದ ಸೀಸೆಗಳನ್ನು ಲೋಹದ ಉಪಕರಣಗಳಿರುವ ಕಪಾಟಿನಲ್ಲಿ ಎಂದೂ ಇಡಬಾರದು. ಬಿರಟೆಯ ಸಂದಿನಿಂದ ಸೋರುವ ಹೊಗೆಯೇ ಸಾಕು. ನಾಲ್ಕನೆಯದು, ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು, ಅದರ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬೇಕು. ಐದನೆಯದು, ಕಿಟಕಿಯ ಸರಳುಗಳಿಗೆ ಬಣ್ಣ ಬಳಿಯುವ ಮುನ್ನ ತುಕ್ಕನ್ನು ಪೂರ್ತಿಯಾಗಿ ಕೆರೆದು ತೆಗೆಯಬೇಕು.

ವಿಜ್ಞಾನದ ಅಧ್ಯಾಪಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಒಣ ಮತ್ತು ಒದ್ದೆ ಬುರುಡೆಗಳ ಉಷ್ಣತಾಮಾಪಕ ಒಂದು, ಉಜ್ಜಿದ ಉಕ್ಕಿನ ತಗಡುಗಳು ನಾಲ್ಕು, ಒಂದು ತುಂಡು ತೆಳುಬಟ್ಟೆ, ನಿಖರವಾದ ತಕ್ಕಡಿ. ಇಷ್ಟಿದ್ದರೆ ವೆರ್ನನ್ನರ ಪ್ರಯೋಗವನ್ನು ಶಾಲೆಯಲ್ಲಿಯೇ ಪುನಃ ನಡೆಸಬಹುದು. ವಿದ್ಯಾರ್ಥಿಗಳು ದಿನದಿನದ ಆರ್ದ್ರತೆಯನ್ನು ಬರೆದಿಟ್ಟು, ವರ್ಷದ ಕೊನೆಗೆ ತಮ್ಮ ಊರಿನ ಗಾಳಿ ಯಾವ ವರ್ಗಕ್ಕೆ ಸೇರಿದ್ದೆಂಬುದನ್ನು ತಾವೇ ಲೆಕ್ಕಹಾಕಿ ಕಂಡುಕೊಳ್ಳುವುದು ಪಠ್ಯದ ಹತ್ತು ಪುಟಗಳಿಗಿಂತ ಮಿಗಿಲಾದ ಶಿಕ್ಷಣ.

ಲೋಹವು ತನ್ನ ಮೂಲಸ್ಥಿತಿಗೆ ಮರಳುವುದನ್ನು ಸಂಪೂರ್ಣವಾಗಿ ತಡೆಯುವುದು ಮನುಷ್ಯಸಾಧ್ಯವಲ್ಲ. ಅದನ್ನು ತಡಮಾಡುವುದು ಮಾತ್ರ ಸಾಧ್ಯ. ಆ ತಡವನ್ನು ತಲೆಮಾರುಗಳವರೆಗೆ ಬೆಳೆಸುವುದಕ್ಕೆ ಬೇಕಾದದ್ದು ದುಬಾರಿಯ ಸಾಮಗ್ರಿಯಲ್ಲ. ಒರಸುವ ಬಟ್ಟೆ, ಒಣಗಿದ ಕೋಣೆ, ಮತ್ತು ಕಾರಣವನ್ನು ಅರಿತ ಕೈ.